ಕುಬಸದ ಸೀರೆಯ ಹಸಿರು

ಅಜ್ಜಿಯ ಕುಬಸದ, ಅಂದರೆ ಸೀಮಂತದ, ಫೋಟೊ ಎಂದೋ ಗೆದ್ದಲ ಪಾಲಾಗಿತ್ತು. ಟ್ರಂಕಿನಲ್ಲಿ ನೆಗೆಟಿವ್ ಮಾತ್ರ ಉಳಿದಿತ್ತು. ಅದರಲ್ಲಿ ಅಜ್ಜಿಯ ಹೊಟ್ಟೆಯಲ್ಲಿರುವವಳೇ ನನ್ನ ಅವ್ವ. ಅವ್ವ ತೊಟ್ಟಿಲಲ್ಲಿದ್ದಾಗಲೇ ಅಜ್ಜ ತೀರಿಕೊಂಡ, ಅಜ್ಜಿ ಸಿಂಗಾರವನ್ನೆಲ್ಲ ಬಿಟ್ಟಳು. ಸಿಂಗಾರದಲ್ಲಿದ್ದ ತಾಯಿಯನ್ನು ಒಮ್ಮೆಯಾದರೂ ನೋಡಬೇಕೆಂಬುದು ಅವ್ವನ ಆಸೆ. ಹೋದ ವರ್ಷ ನನ್ನ ಸ್ಕ್ಯಾನರನ್ನು ಬನಹಟ್ಟಿಯ ಮನೆಗೆ ಹೊತ್ತು ತರಿಸಿದ್ದು ಆ ಆಸೆಯೇ.

ಕಲರ್ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಬಣ್ಣಗಳೆಲ್ಲ ತಿರುವುಮುರುವು, ಮೇಲೊಂದು ಕಿತ್ತಳೆ ಮುಸುಕು ಬೇರೆ. ಅದರ ಹಿಂದಿನ ನಿಜಬಣ್ಣ ಯಾವುದೆಂದು ಸ್ಕ್ಯಾನರಿಗೆ ಕಲಿಸುವುದೇ ಕಲರ್ ಪ್ರೊಫೈಲ್. ಗೊತ್ತಿರುವ ಬಣ್ಣಗಳ ಪಟ್ಟಿಯೊಂದರ ಫೋಟೊವನ್ನು ಅದೇ ಬಗೆಯ ಫಿಲ್ಮಿನಲ್ಲಿ ತೆಗೆದು ಪಾಠ ಹೇಳಬೇಕು. ಆ ಫಿಲ್ಮ್ ಬರುವುದು ನಿಂತು ಎಷ್ಟೋ ಕಾಲವಾಗಿದೆ. ಹಾಗಾಗಿ ಸಾಫ್ಟ್‌ವೇರಿಗೇ ಬಿಟ್ಟೆ. ಅದು ಮುಖಕ್ಕೆ ಗೋದಿ ಬಣ್ಣ ಕೊಟ್ಟು, ಸೀರೆಯನ್ನು ನೀಲಿ ಮಾಡಿತು. ಕೈಗಳೂ ತುಸು ನೀಲಿಗಟ್ಟಿದ್ದವು. ನೆರಳಿರಬೇಕು ಎಂದುಕೊಂಡೆ.

"ಕುಬಸಕ್ಕ ಯಾರರ ನೀಲಿ ಸೀರಿ ಉಡತಾರೇನಲೇ?" ಅವ್ವ ನಕ್ಕಳು. "ಹಸರ ಸೀರಿ ಅದು. ನಿಮ್ಮಜ್ಜನ ನೇಯ್ದಿದ್ದ."

"ಎಂಥಾ ಹಸರಬೇ ಯವ್ವಾ?"

ಅವ್ವ ಒಳಗಿನಿಂದ ಕೌದಿ ತಂದಳು. ನಮ್ಮಲ್ಲಿ ಹಳೆಯ ಸೀರೆ ಎಸೆಯುವುದಿಲ್ಲ, ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೊಲಿದು ಹೊದೆಯುತ್ತೇವೆ. ಮತ್ತೆ ಉಡಲಾಗದ ಆ ಸೀರೆಯನ್ನು ಅಜ್ಜಿ ಈ ಕೌದಿಗೆ ಹಾಕಿದ್ದಳು. ಒಗೆದೊಗೆದು ಅದೀಗ ಬೂದಿ ಬಣ್ಣ. ಇದನ್ನು ನಂಬಿದರೆ ನನ್ನ ಕತೆ ಮುಗಿದಂತೆ ಎನ್ನುವಷ್ಟರಲ್ಲಿ ಅವ್ವ ಸೂಜಿಯಿಂದ ಅಂಚಿನ ಹೊಲಿಗೆ ಬಿಚ್ಚಿದಳು. ಒಳಗೆ ಮಡಚಿಕೊಂಡಿದ್ದ ಬೆರಳಗಲದ ಬಟ್ಟೆಗೆ ಬಿಸಿಲೇ ತಾಗಿರಲಿಲ್ಲ. ಅಪ್ಪಟ ಗಿಳಿಹಸಿರು.

ಅದನ್ನು ಪಕ್ಕದಲ್ಲಿಟ್ಟುಕೊಂಡು ಪರದೆಯ ಮೇಲೆ ಹಳದಿ ಏರಿಸುತ್ತ ಹೋದೆ. ಸೀರೆ ಹಸಿರಾಯಿತು, ಬೆನ್ನಿಗೇ ಅಜ್ಜಿಯ ಮುಖ ಹಳದಿಗಟ್ಟಿತು. ಒಂದು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದಲ್ಲ ಎಂದು ಸಿಟ್ಟು ಬಂತು. ಮುಖದ ಮಟ್ಟಿಗಾದರೂ ಹಳದಿ ಇಳಿಸೋಣವೆಂದು ಮೌಸ್ ಹಿಡಿದೆ.

"ತಡಿಯಲೇ," ಅವ್ವ ನನ್ನ ಮಣಿಕಟ್ಟು ಹಿಡಿದಳು. "ಕೈ ನೋಡು, ಛಲೋ ಅದಾವು. ಕೆನ್ನಿ ಅಷ್ಟ ಹಳದಿ ಆಗೇತಿ."

ಹೌದಲ್ಲ. ಫಿಲ್ಮಿನ ದೋಷವಾಗಿದ್ದರೆ ಅದು ಕೈಗಳನ್ನು ಬಿಡುತ್ತಿತ್ತೇ? ಕಲೆಯೆಂದು ಸಾಫ್ಟ್‌ವೇರ್ ಮೊದಲು ಒರೆಸಿದ್ದನ್ನೇ ನಾನು ಮತ್ತೆ ಒರೆಸಲು ಹೊರಟಿದ್ದೆ.

"ಅರಿಷಿಣ ಅದು," ಎಂದಳು ಅವ್ವ. ಕನ್ನಡಕ ಸರಿಮಾಡಿಕೊಂಡು ಪರದೆಗೆ ತೀರ ಹತ್ತಿರ ಬಾಗಿದಳು. "ನಮ್ಮವ್ವನ ಮಾರಿ ಮ್ಯಾಲ ಅರಿಷಿಣ ನಾ ನೋಡೇ ಇದ್ದಿಲ್ಲ."