ಹೊಸ್ತಿಲ ಮೇಲಿನ ಒಡಪು

ತೊದಲುವವರಿಗೆ ಉಪದೇಶ ಮಾಡಲು ಯಾವ ಅರ್ಹತೆಯೂ ಬೇಕಿಲ್ಲ, ಬಾಯೊಂದಿದ್ದರೆ ಸಾಕು. ಚಿಕ್ಕೋಡಿ ಹತ್ತಿರದ ಕಬ್ಬೂರಿನಲ್ಲಿ ನಾನು ಬೆಳೆಯುವಾಗ ಅಂಥ ಬಾಯಿಗಳಿಗೆ ಬರವಿರಲಿಲ್ಲ. ಎಮ್ಮೆ ಹಿಂಡಲು ಬಂದವನೂ ಡಾಕ್ಟರನೇ, ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ಕೂತವಳೂ ಡಾಕ್ಟರೇ. ಒಬ್ಬರು ಬಜೆ ಬೇರು ತೇಯ್ದು ನಾಲಿಗೆಗೆ ತಿಕ್ಕಿಸಿದರು; ಆ ಉರಿಗೆ ರೊಟ್ಟಿ ತಿನ್ನುವುದೂ ಕಷ್ಟವಾಯಿತು. ಅವ್ವ ಕೊಕಟನೂರ ಯಲ್ಲಮ್ಮನಿಗೆ ಬೆಳ್ಳಿಯ ನಾಲಿಗೆ ಹರಕೆ ಹೊತ್ತಳು. ಬೆಳ್ಳಿಯದು ಹುಂಡಿಗೆ ಬಿತ್ತು, ನನ್ನದು ಇದ್ದ ಹಾಗೇ ಇತ್ತು. ದೇವಿಯ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಉಪದೇಶವನ್ನಾದರೂ ಮಾಡಲಿಲ್ಲ.

ಸಾಲಿಯಲ್ಲಿ ಹಾಜರಿ ಕರೆಯುವಾಗ ನನ್ನ ಹೆಸರು ಬಂತೆಂದರೆ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಳ್ಳಲು ಶುರು ಮಾಡುತ್ತಿದ್ದರು. "ಈಕಿ 'ಹಾಜರ್' ಸಂಜೀಕ ಬರ್ತೈತಿ, ಮುಂದ ನಡೀರಿ" ಎನ್ನುತ್ತಿದ್ದರು. ಇಡೀ ವರ್ಗ ನಗುತ್ತಿತ್ತು. ವರ್ಷವಿಡೀ ಇದೊಂದೇ ಜೋಕು. ತೊದಲಿ ಎಂಬ ಹೆಸರು ನನಗೆ. ಹೇಳಿದ್ದನ್ನೇ ಹೇಳುತ್ತಿದ್ದವರು ಅವರು.

ಎಂಬತ್ತರ ದಶಕದ ಕೊನೆಯಲ್ಲಿ ಶಿರಗುಪ್ಪಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಕಬ್ಬು ಬೆಳೆಯುವ ಮನೆತನ. ಅವ್ವ ಮೊದಲೇ ತಾಕೀತು ಮಾಡಿದ್ದಳು: "ಬಾಯಿ ತಗೀಬ್ಯಾಡ. ಕೇಳಿದ್ದಕ್ಕೆಲ್ಲ ಗೋಣ ಹಾಕು." ಅಡುಗೆ ಬರುತ್ತದೆಯೇ ಎಂದರೆ ಗೋಣು ಹಾಕಿದೆ, ಹೊಲಿಗೆ ಬರುತ್ತದೆಯೇ ಎಂದರೆ ಗೋಣು ಹಾಕಿದೆ. ಹೆಸರು ಕೇಳಿದಾಗ ಅಪ್ಪನೇ ಹೇಳಿದ. ಗಂಡಿನ ಸೋದರಮಾವ, ಅವರ ಮನೆಯ ಬುದ್ಧಿವಂತ, ಅವಲಕ್ಕಿ ಮೆಲ್ಲುತ್ತ ತಲೆದೂಗಿದ. "ಭಾಳ ಸಂಸ್ಕಾರದ ಹುಡುಗಿ. ಈಗಿನ ಕಾಲದಾಗ ಇಂಥಾ ಸಂಕೋಚ ಎಲ್ಲಿ ಸಿಗತೈತಿ?" ಎಂದ. ಎಮ್ಮೆ ಕೊಳ್ಳುವಾಗಲಾದರೂ ನಮ್ಮವರು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ನನ್ನ ಬಾಯಿ ಮುಚ್ಚಿದ್ದೇ ಅವರಿಗೆ ಗುಣವಾಯಿತು, ಅಲ್ಲೇ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡಿದರು.

ಉಳಿದದ್ದು ಒಂದೇ ಗಂಡಾಂತರ, ಒಡಪು. ಹೊಸ ಸೊಸೆ ಮನೆಯೊಳಗೆ ಕಾಲಿಡುವ ಮುಂಚೆ ಗಂಡನ ತಂಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಪ್ರಾಸ ಕಟ್ಟಿದ ಎರಡು ಸಾಲಿನಲ್ಲಿ ಗಂಡನ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾಳೆ. ಜೀವನವಿಡೀ ಗಂಡನ ಹೆಸರೆತ್ತಬಾರದು ಎನ್ನುವ ಇದೇ ಜನ, ಆ ಒಂದು ದಿನ ಅದನ್ನು ಕೇಳಲು ಓಣಿಯನ್ನೆಲ್ಲ ಕೂಡಿಸುತ್ತಾರೆ. ಗುಟ್ಟು ಗೊತ್ತಾದರೆ ಮೋಸ ಮಾಡಿದಿರೆಂದು ಬಂದ ಗಾಡಿಯಲ್ಲೇ ತಿರುಗಿ ಕಳಿಸಿಯಾರು ಎಂಬುದು ಅವ್ವನ ಚಿಂತೆ. ನನ್ನ ಭಯವೇ ಬೇರೆ. ಅವತ್ತೂ ಬಾಯಿ ಮುಚ್ಚಿಕೊಂಡರೆ ಆ ಮನೆಯಲ್ಲಿ ಸಾಯುವವರೆಗೂ ಗೋಣು ಹಾಕಿಕೊಂಡೇ ಬಾಳಬೇಕಲ್ಲ!

ನಿಪ್ಪಾಣಿಯ ಚಿಕ್ಕಮ್ಮ ಉಪಾಯ ಹುಡುಕಿದಳು. "ಗಂಟ್ಲ ಕಟ್ಟೈತಿ ಅಂತ ಹೇಳಿ ನಾನ ಒಡಪ ಹೇಳ್ತೇನಿ. ನೀ ತೆಪ್ಪಗ ನಿಂದ್ರು." ಕನ್ನಡ, ಮರಾಠಿ ಎರಡರಲ್ಲೂ ತಡವರಿಸದೆ ಮಾತಾಡುವವಳು ಅವಳು. ಎರಡರಲ್ಲೂ ಅವಳಿಗೆ ಹೇಳುವಂಥದ್ದೇನೂ ಇರಲಿಲ್ಲ.

ಶಿರಗುಪ್ಪಿಯ ಮನೆ ಮುಂದೆ ಮಧ್ಯಾಹ್ನದ ಬಿಸಿಲು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಅದರಾಚೆ ನಾದಿನಿ, ಎರಡೂ ಕೈ ಚೌಕಟ್ಟಿಗೆ. ಚಿಕ್ಕಮ್ಮ ಮುಂದೆ ನುಗ್ಗಿದಳು. "ಹುಡುಗಿ ಗಂಟ್ಲ ಕಟ್ಟೈತ್ರಿ. ಆಕಿ ಬದ್ಲಿ ನಾ ಹೇಳ್ತೇನ್ರಿ."

"ಯಾಕ್ರಿ, ನಮ್ಮಣ್ಣ ತಾಳಿ ನಿಮಗ ಕಟ್ಯಾನೇನು?" ಎಂದಳು ನಾದಿನಿ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಚಿಕ್ಕಮ್ಮನ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಭಾರೀ ಖುಷಿಯಾಯಿತು. ಆ ಖುಷಿಯ ಧೈರ್ಯದಲ್ಲೇ ನಾನು ಬಾಯಿ ತೆರೆದೆ.

ಒಡಪಿನ ಮೊದಲ ಮಾತು 'ಕೃಷ್ಣಾ', ನಮ್ಮ ಹೊಳೆ. ಕಕಾರ ನನಗೆ ಹುಟ್ಟು ವೈರಿ, ಗಂಡನ ಹೆಸರೂ ಅದರಿಂದಲೇ ಶುರುವಾಗಬೇಕೇ! ದವಡೆ ಬಿಗಿಯಿತು, ಕತ್ತಿನ ನರ ಉಬ್ಬಿತು, ಕಣ್ಣು ತಾನಾಗಿ ಮುಚ್ಚಿತು. ನಗು ನಿಂತಿತು. "ಅಯ್ಯ, ಹುಡುಗಿ ತೊದಲ್ತೈತಲ್ರಿ!" ಎಂದ ಸೋದರಮಾವ, ತನ್ನ ಸಂಸ್ಕಾರದ ಹುಡುಗಿಯನ್ನು ಮೊದಲ ಸಲ ನೋಡಿದವನಂತೆ. ಫೇಟಾ ಸುತ್ತಿಕೊಂಡ ನನ್ನ ಗಂಡ ತನ್ನ ಕಾಲ್ಬೆರಳು ನೋಡುತ್ತ ನಿಂತಿದ್ದ. ಹಿಂದಿನಿಂದ ಯಾರೋ ಪುಣ್ಯಾತ್ಗಿತ್ತಿ ನನಗೆ ಸಹಾಯವಾಗಲೆಂದು ಅವನ ಹೆಸರನ್ನು ತಾನೇ ಹೇಳಿಬಿಟ್ಟಳು. ಅತ್ತೆಗೆ ಕನಿಕರ ಉಕ್ಕಿತು: "ಹೋಗಲಿ ಬಿಡವ್ವಾ, ಸಾಕು. ಬಾ ಒಳಗ." ನಮ್ಮ ಬಾಯಿಂದ ಮಾತು ಕಸಿದುಕೊಳ್ಳುವವರು ತಮ್ಮನ್ನು ದಯಾವಂತರೆಂದೇ ತಿಳಿದಿರುತ್ತಾರೆ. ಇವರಿಗಿಂತ ಆ ಮಾಸ್ತರರು ವಾಸಿ, ಅಣಕವನ್ನು ಅಣಕವೆಂದೇ ಮಾಡುತ್ತಿದ್ದರು.

ನಾದಿನಿ ಕೈ ತೆಗೆಯಲಿಲ್ಲ.

"ಯಾರೂ ನಡಕ ಬಾಯಿ ಹಾಕಬ್ಯಾಡ್ರಿ. ಗಡಿಬಿಡಿ ಇದ್ದವರು ಹೋಗಿ ಉಣ್ರಿ," ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಧೈರ್ಯ ಹೇಳಲಿಲ್ಲ, ತುಟಿ ಅಲ್ಲಾಡಿಸಿ ಅಕ್ಷರ ತೋರಿಸಲಿಲ್ಲ. ಮುಂದಿನ ಮಾತು ಏನಿರಬಹುದು ಎಂದು ಸುಮ್ಮನೆ ಕಾದಳು.

"ಕೃಷ್ಣಾ ದಂಡಿಗೆ ಕಬ್ಬಿನ ತ್ವಾಟ" ಎಂದೆ. ಓದುವವರಿಗೆ ಅದು ಒಂದೇ ಉಸಿರು. ನನಗೆ ಅಷ್ಟು ಹೇಳುವಷ್ಟರಲ್ಲಿ ಕುಪ್ಪಸದ ಬೆನ್ನು ತೊಯ್ದು ಹೋಗಿತ್ತು. ಆಮೇಲೆ ಹೆಸರು. ಅದು ಮುರಿಯಿತು, ಹಿಡಿದೆ, ಮತ್ತೆ ಮುರಿಯಿತು. ಕೊನೆಗೆ ಬಂತು, ಇಡಿಯಾಗಿ ಬಂತು. ಬಾಲಕ್ಕೆ "ರಾಯರ ಕೂಡ ನನ್ನ ಊಟ" ಎಂದು ಸೇರಿಸಿ ಮುಗಿಸಿದೆ.

"ಆತು ಆತು, ಬಾ" ಎಂದು ಅತ್ತೆ ಅವಸರ ಮಾಡಿದರು. ಸೋದರಮಾವ ಪಂಕ್ತಿಯ ಕಡೆ ತಿರುಗಿದ. ನಾದಿನಿಯ ಕೈ ಮಾತ್ರ ಚೌಕಟ್ಟಿನ ಮೇಲೇ ಇತ್ತು.

"ಛಲೋ ಐತಿ," ಎಂದಳು. "ಇನ್ನೊಂದ ಹೇಳು ವೈನಿ."

ಸಾಕು ಬಿಡು ಎಂದವರನ್ನು ನಾನು ಬೇಕಾದಷ್ಟು ನೋಡಿದ್ದೆ. ಇನ್ನೊಂದು ಹೇಳು ಎಂದವರನ್ನು ನೋಡಿರಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಸೋದರಮಾವನ ಹೊಟ್ಟೆ ಹಸಿದಿದ್ದರೆ ಹಸಿದಿರಲಿ ಎಂದು, ಇನ್ನೊಂದು ಒಡಪು ಶುರು ಮಾಡಿದೆ.