ಎಳ್ಳಮಾವಾಸ್ಯೆಯ ಎರಡು ಗುಳಿಗೆ

ಮೊನ್ನೆ ಸಂಜೆ ರಾಯಚೂರಿನ ನಮ್ಮ ಓಣಿಯಲ್ಲಿ ನಡೆದು ಬರುವಾಗ ಯಾರದೋ ಮನೆಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ ಬಂತು. ಎಳ್ಳಮಾವಾಸ್ಯೆ ಹತ್ತಿರ ಬಂತಲ್ಲ. ಉಳಿದವರಿಗೆ ಬಾಯಲ್ಲಿ ನೀರೂರಿಸುವ ವಾಸನೆ ಅದು. ನನಗೆ ಸಿಟ್ಟು ಬರುತ್ತದೆ... ಯಾರ ಮೇಲೆ ಎಂದು ಕೇಳಿದರೆ, ಮೊದಲು ನನ್ನ ಮೇಲೆ.

ಏಳೆಂಟು ವರ್ಷದ ಹಿಂದೆ ದೇವದುರ್ಗದಲ್ಲಿ ಮಾಸ್ತರನಾಗಿದ್ದಾಗ ಒಬ್ಬ ಮುದುಕಿಯ ಮನೆಯಲ್ಲಿ ಬಾಡಿಗೆಗಿದ್ದೆ. ಮುಂದಿನ ಎರಡು ಕೋಣೆ ನನಗೆ, ಹಿಂದೆ ಆಕೆ, ಮಗ, ಸೊಸೆ. ಓಣಿಗೆಲ್ಲ ಆಕೆ ಯವ್ವ, ನನಗೂ ಯವ್ವ. ಸಕ್ಕರೆ ಕಾಯಿಲೆ ಇತ್ತು. ಅದೇ ಕಾಯಿಲೆಗೆ ನಮ್ಮಪ್ಪನ ಕಾಲಿನ ಎರಡು ಬೆರಳು ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಹಾಗಾಗಿ ಯಾರೂ ಹೇಳದಿದ್ದರೂ ಆಕೆಯ ಬಾಯಿಗೆ ನಾನೇ ಕಾವಲುಗಾರನಾದೆ. ಅಪ್ಪನ ಸಕ್ಕರೆ ನೋಡುತ್ತಿದ್ದ ಪುಟ್ಟ ಯಂತ್ರ ಹಿಡಿದು ವಾರಕ್ಕೊಮ್ಮೆ ಹಿಂದಿನ ಬಾಗಿಲಿಗೆ ಹೋಗುತ್ತಿದ್ದೆ.

"ಬಂದ ನೋಡು ಬೆರಳು ಚುಚ್ಚೋ ಮಾಸ್ತರ," ಎಂದು ಸೊಸೆಗೆ ಹೇಳುತ್ತಲೇ ಯವ್ವ ಕೈ ಚಾಚುತ್ತಿದ್ದಳು.

ಚಳಿಗಾಲ ಬಂತೆಂದರೆ ಈ ಕಾವಲು ಕಾಯುವವನು ಹೈರಾಣ. ಎಳ್ಳಮಾವಾಸ್ಯೆಯಿಂದ ಸಂಕ್ರಮಣದವರೆಗೆ ಓಣಿಯಲ್ಲಿ ತಟ್ಟೆಗಳದೇ ಓಡಾಟ. ಒಬ್ಬರ ಮನೆಯಿಂದ ಶೇಂಗಾ ಹೋಳಿಗೆ, ಇನ್ನೊಬ್ಬರಿಂದ ಎಳ್ಳಿನ ಹೋಳಿಗೆ, ನಡುವೆ ಹೊಸ ವರ್ಷದ ಕೇಕು ಬೇರೆ. ಬೇಡ ಎಂದರೆ ತಂದವರ ಮುಖ ಸಣ್ಣದಾಗುತ್ತದೆ. "ಹಬ್ಬದ ದಿನ ಒಂದು ತಿಂದ್ರ ಏನಾಗ್ತದ್ರಿ?" ಎಂದು ನನಗೇ ಬುದ್ಧಿ ಹೇಳುತ್ತಿದ್ದರು. ಆ 'ಒಂದು' ಎಂಬುದು ಹತ್ತು ಮನೆಯಿಂದ ಬರುತ್ತದೆ ಎಂಬುದು ಯಾರ ತಲೆಗೂ ಹೋಗುತ್ತಿರಲಿಲ್ಲ. ಯವ್ವನೂ ಕಡಿಮೆಯವಳಲ್ಲ. ಹೋಳಿಗೆಯನ್ನು ಜೋಳದ ಡಬ್ಬಿಯಲ್ಲಿ ಮುಚ್ಚಿಡುವುದು, ತಲೆ ತಿರುಗುತ್ತದೆ ಎಂದು ಸೊಸೆಯ ಕೈಲಿ ಬೆಲ್ಲದ ಚಹಾ ಮಾಡಿಸಿಕೊಳ್ಳುವುದು... ಎರಡು ಸಲ ನಾನೇ ಹಿಡಿದಿದ್ದೆ.

ಕೊನೆಗೆ ರೋಸಿ, ಒಂದು ದಿನ ಎದುರಿಗೆ ಕೂಡಿಸಿಕೊಂಡು ಹೇಳಿದೆ. "ನೋಡು ಯವ್ವಾ, ತಕ್ಕಡಿ ಇದ್ದಂಗ ಇದು. ಒಂದು ಕಡೆ ನೀ ತಿನ್ನೋದು, ಇನ್ನೊಂದು ಕಡೆ ಡಾಕ್ಟರು ಕೊಟ್ಟ ಗುಳಿಗಿ. ಎರಡೂ ಸಮ ಇರಬೇಕು." ಆಕೆ ತಲೆಯಾಡಿಸಿದಳು. ನಾನು ಒಳಗೊಳಗೇ ಹಿಗ್ಗಿದೆ. ಎದುರಿಗಿದ್ದವರು ತಲೆಯಾಡಿಸಿದರೆ ಪಾಠ ಮುಗಿಯಿತು ಎಂದುಕೊಳ್ಳುವುದು ನಮ್ಮ ಮಾಸ್ತರರ ರೋಗ.

ಆ ವರ್ಷದ ಎಳ್ಳಮಾವಾಸ್ಯೆಗೆ ಅವರ ಹೊಲಕ್ಕೆ ನನ್ನನ್ನೂ ಕರೆದರು. ಬೆಳಿಗ್ಗೆಯೇ ಬುಟ್ಟಿ ಹೇರಿಕೊಂಡು ಟ್ರ್ಯಾಕ್ಟರಿನಲ್ಲಿ ಹೋದೆವು. ಹೊಲದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಭೂಮಿಗೆ ಚರಗ ಚೆಲ್ಲಿ, ಅಂದರೆ ತಂದ ಅಡಿಗೆಯನ್ನು ಮೊದಲು ಬೆಳೆಗೆ ಎರಚಿ, ಆಮೇಲೆಯೇ ಊಟ. ಆದರೆ ಮಾನ್ವಿಯಿಂದ ಯವ್ವನ ಅಳಿಯ ಬರಬೇಕಿತ್ತು. ಅವನು ಫೋನಿನಲ್ಲಿ "ಬಂದ್ವಿ, ಬಂದ್ವಿ" ಎಂದರೆ ಇನ್ನೂ ಮಾನ್ವಿ ಬಿಟ್ಟಿಲ್ಲ ಎಂದು ಅರ್ಥ. ಹನ್ನೆರಡಾಯಿತು, ಒಂದಾಯಿತು. ಅಳಿಯನನ್ನು ಬಿಟ್ಟು ಚರಗ ಚೆಲ್ಲೋಣ ಎನ್ನುವ ಧೈರ್ಯ ಯಾರಿಗೂ ಇಲ್ಲ. ಮಗ, ಸೊಸೆ ದಾರಿ ನೋಡಲು ರಸ್ತೆಯವರೆಗೆ ಹೋದರು.

ಬನ್ನಿ ಗಿಡದ ಕೆಳಗೆ ಯವ್ವ, ನಾನು ಇಬ್ಬರೇ. ಆಕೆಯ ಕೈ ನಡುಗುತ್ತಿತ್ತು. ತಣ್ಣನೆಯ ಗಾಳಿಯಲ್ಲೂ ಹಣೆ ಬೆವತಿತ್ತು.

"ಮಾಸ್ತರ, ಒಂದು ಚೂರು ಬೆಲ್ಲ ಕೊಡಪಾ. ತಲಿ ತಿರಗಾಕತ್ತದ."

"ಸುಮ್ನ ಕೂಡು ಯವ್ವಾ. ಹಬ್ಬದ ದಿನಾನೂ ನಾಟಕ ಮಾಡಬ್ಯಾಡ."

ಬುಟ್ಟಿ ನನ್ನ ಮೊಣಕಾಲಿಗೆ ತಾಗಿಯೇ ಇತ್ತು. ಅದನ್ನು ಆಕೆಯಿಂದ ಇನ್ನಷ್ಟು ದೂರ ಸರಿಸಿದೆ. ಚರಗ ಚೆಲ್ಲುವ ಮೊದಲು ಒಂದು ಅಗುಳೂ ಮುಟ್ಟದವಳು ತಾನಾಗಿ ಬೆಲ್ಲ ಕೇಳುತ್ತಿದ್ದಾಳೆಂದರೆ ಇದು ನಾಟಕವಲ್ಲ ಎಂದು ಹೊಳೆಯಬೇಡವೇ? ಹೊಳೆಯಲಿಲ್ಲ. ಆಕೆ ಇನ್ನೊಂದು ಸಲ ಕೇಳಿದಳು, ಮೆಲ್ಲಗೆ. ನಾನು ಫೋನು ನೋಡುತ್ತ ಕೂತೆ... ಸ್ವಲ್ಪ ಹೊತ್ತಿಗೆ ಆಕೆ ನನ್ನ ಹೆಗಲಿಗೆ ವಾಲಿದಳು.

ಬೆಳಿಗ್ಗೆ ಏನು ತಿಂದಿದ್ದರು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ಏನೂ ಇಲ್ಲ. ಗುಳಿಗೆ? ಸೊಸೆ ಅಳುತ್ತ ಹೇಳಿದಳು: "ಒಂದರ ಬದ್ಲಿ ಎರಡು ತೊಗೊಂಡಾಳ್ರಿ. ಇವತ್ತು ಹೋಳಿಗಿ ತಿನ್ನೋದದ, ತಕ್ಕಡಿ ಸಮ ಆಗಬೇಕು ಅಂದ್ಲು." ಆಮೇಲೆ ಡಾಕ್ಟರು ಹೊರಗೆ ನನ್ನೊಬ್ಬನಿಗೇ ಹೇಳಿದರು, ಸಕ್ಕರೆ ಪೂರ್ತಿ ಇಳಿದಿದೆ, ತಲೆ ತಿರುಗಿದಾಗಲೇ ಬಾಯಿಗೆ ಒಂದಿಷ್ಟು ಸಿಹಿ ಹಾಕಿದ್ದರೆ ಈ ಹಂತಕ್ಕೆ ಬರುತ್ತಿರಲಿಲ್ಲ ಎಂದು. ಮೂರನೆಯ ದಿನ ಯವ್ವ ಹೋದಳು. ಗುಳಿಗೆ ಜಾಸ್ತಿಯಾಗಿ ಹೋದಳು ಎಂದಷ್ಟೇ ಮನೆಯವರು ತಿಳಿದರು. ನಾನು ಬಾಯಿ ಬಿಡಲಿಲ್ಲ. ವರ್ಗ ಮಾಡಿಸಿಕೊಂಡು ರಾಯಚೂರಿಗೆ ಬಂದೆ.

ನಿನ್ನೆ ಆ ಸೊಸೆ ಫೋನು ಮಾಡಿದ್ದಳು, ಪ್ರತಿ ವರ್ಷದಂತೆ.

"ಈ ಸಲನಾದ್ರೂ ಹೊಲಕ್ಕ ಬರ್ರಿ ಸರ್. ನಮ್ಮತ್ತಿಗೆ ಕಡೀತನಕ ಒಂದು ಚೂರು ಸಿಹಿ ಮುಟ್ಟಾಕ ಬಿಡಲಿಲ್ಲ ನೀವು. ಹಡೆದ ಮಕ್ಕಳೂ ಅಷ್ಟು ಕಾಳಜಿ ಮಾಡಂಗಿಲ್ಲ. ಈಗ ನಮ್ಮ ಮನಿಯವರಿಗೂ ಸಕ್ಕರಿ ಬಂದದ. ತಲಿ ತಿರಗತದ, ಏನರ ಸಿಹಿ ಕೊಡು ಅಂತಾರ. ನಾ ಏನೂ ಕೇಳಂಗಿಲ್ರಿ, ನಿಮ್ಮನ್ನ ನೋಡೇ ಕಲ್ತೀನಿ."

ಇಷ್ಟು ವರ್ಷ ನುಂಗಿಕೊಂಡದ್ದನ್ನು ಇನ್ನು ನುಂಗುವಂತಿರಲಿಲ್ಲ.

"ತಂಗೀ, ಅವರು ಹಂಗ ಅಂದ್ರ ಮೊದ್ಲು ಬೆಲ್ಲ ಕೊಡು. ಆಮ್ಯಾಲೆ ಡಾಕ್ಟರ ಹತ್ರ ಕರ್ಕೊಂಡು ಹೋಗು. ಯವ್ವ ಅವತ್ತು ಗಿಡದ ಕೆಳಗ ಎರಡು ಸಲ ಬೆಲ್ಲ ಕೇಳಿದ್ಲು. ನಾ ಕೊಡಲಿಲ್ಲ."

"ಆತ್ರಿ," ಎಂದಳು. ಹೊಲಕ್ಕೆ ಬರ್ರಿ ಎಂದು ಮತ್ತೆ ಹೇಳಲಿಲ್ಲ.