ಬರಿದಾದ ಮನೆಯ ಕೊನೆಯ ಚಹಾ

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದ ಮೊದಲಿಗಳು ನಾನು. ಬರೆದದ್ದನ್ನು ತಿದ್ದಿಕೊಡುವ ಹಿರಿಯರಿಲ್ಲ. ಹೇಳುವುದರಲ್ಲಿ ಕೊರತೆ ಕಂಡರೆ ಓದುಗರು ಮನ್ನಿಸಬೇಕು.

ಆಂಟಿಯ ಎಡಗೈಯ ಎರಡು ಬೆರಳುಗಳು ದುಬೈಯ ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ಡೆಟ್ರಾಯಿಟಿನ ಹಿಮ ಉಳಿಸಿಹೋದ ಗುರುತು ಅದು. ಚಹಾದ ಲೋಟವನ್ನು ಆ ಬೆರಳುಗಳಿಂದಲೇ ಒತ್ತಿ ಹಿಡಿಯುತ್ತಿದ್ದರು. ದುಬೈಯ ದೇರಾ ಬಡಾವಣೆಯ ಹಳೆಯ ಕಟ್ಟಡದಲ್ಲಿ ನಮ್ಮ ಎದುರಿನ ಫ್ಲಾಟು ಅವರದು. ಮಂಗಳೂರು ಕಡೆಯ ಕ್ರೈಸ್ತರು, ಮಕ್ಕಳಿಲ್ಲದ ವಿಧವೆ. ಅಮೆರಿಕದ ಎರಡು ನಗರಗಳಲ್ಲಿ ನರ್ಸಾಗಿ ದುಡಿದು, ಕೊನೆಗೆ ಇಲ್ಲಿಯ ಕ್ಲಿನಿಕ್ಕೊಂದಕ್ಕೆ ಬಂದಿದ್ದರು.

ನಗರ ಯೋಜನೆಯ ಪದವಿಯ ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆಯ್ದುಕೊಂಡದ್ದು ಆ ನಗರಗಳನ್ನೇ: ಉಕ್ಕಿನ ಪಿಟ್ಸ್‌ಬರ್ಗ್, ಕಾರುಗಳ ಡೆಟ್ರಾಯಿಟ್. ಕಾರ್ಖಾನೆಗಳು ಮುಚ್ಚಿದ ಮೇಲೆ ಮೊದಲನೆಯದು ಆಸ್ಪತ್ರೆ, ವಿಶ್ವವಿದ್ಯಾಲಯಗಳ ಬಲದಿಂದ ಎದ್ದು ನಿಂತಿತು. ಎರಡನೆಯದರಲ್ಲಿ ಬೀದಿಬೀದಿಗಳೇ ಖಾಲಿಯಾದವು. ನಾನು ಓದಿ ಹೇಳುತ್ತಿದ್ದೆ; ಆಂಟಿ ಬಂಗುಡೆ ಮೀನು ಶುಚಿ ಮಾಡುತ್ತ ಕೇಳುತ್ತಿದ್ದರು.

“ಪಿಟ್ಸ್‌ಬರ್ಗಲ್ಲಿ ಮಿಲ್ಲು ಮುಚ್ಚಿದ್ರೂ ಈಸ್ಟರಿಗೆ ಮೊದಲು ಮಾಂಸ ತಿನ್ನದ ತಪಸ್ಸು ಕಾಲದ ಶುಕ್ರವಾರ ಇಗರ್ಜಿಯ ಸಭಾಂಗಣದಲ್ಲಿ ಮೀನು ಹುರಿಯುವುದು ನಿಲ್ಲಲಿಲ್ಲ. ಇಡೀ ಕೇರಿಯೇ ಬರ್ತಿತ್ತು. ಡೆಟ್ರಾಯಿಟಲ್ಲಿ ನಮ್ಮ ಬೀದಿಯವರು ಒಬ್ಬೊಬ್ಬರೇ ಹೇಳದೆ ಹೋದ್ರು. ಬೆಳಿಗ್ಗೆ ನೋಡಿದ್ರೆ ಕಿಟಕಿಯಲ್ಲಿ ಪರದೆ ಉಂಟು, ಒಳಗೆ ಜನ ಇಲ್ಲ.”

“ಹಾಗಾದ್ರೆ ಪಿಟ್ಸ್‌ಬರ್ಗೇ ಒಳ್ಳೇದಲ್ವಾ ಆಂಟಿ?”

“ಅದು ಜಾಣ ಊರು ಮಾರಾಯ್ತಿ. ಡೆಟ್ರಾಯಿಟ್ ನನ್ನ ಊರು. ಪಕ್ಕದ ಅಜ್ಜಿ ಖಾಲಿ ಜಾಗದಲ್ಲಿ ಟೊಮೆಟೊ ಬೆಳೆಸಿ ನನ್ನ ಬಾಗಿಲಲ್ಲಿ ಇಟ್ಟು ಹೋಗ್ತಿದ್ರು.” ಹಾಗೆನ್ನುವಾಗ ಅವರ ಕೈ ಮೀನಿನ ಮೇಲೆ ಸುಮ್ಮನಾಗುತ್ತಿತ್ತು.

ಬೀದಿಯವರು ಹೇಳದೆ ಹೋದ ಆ ನೆನಪಿನಿಂದಲೇ ಇರಬೇಕು, ನಮ್ಮ ಕಟ್ಟಡದಿಂದ ಯಾವ ಸಂಸಾರ ಹೊರಟರೂ ಆಂಟಿ ಫ್ಲಾಸ್ಕ್ ಹಿಡಿದು ಹೋಗುತ್ತಿದ್ದರು. ಬರಿನೆಲದ ಮೇಲೆ ನೆರೆಯವರನ್ನೆಲ್ಲ ಕೂರಿಸಿ ಚಹಾ ಕೊಟ್ಟು, ಬಿಟ್ಟುಹೋಗುವ ಸಾಮಾನು ಯಾರ್ಯಾರಿಗೆಂದು ಎಲ್ಲರೆದುರು ಹೇಳಿಸುತ್ತಿದ್ದರು.

ಅದೇ ವರ್ಷ ನನ್ನ ತಂದೆ, ಅಬ್ಬನ ವರ್ಕ್‌ಶಾಪ್ ಮುಚ್ಚಿತು. ಅವರಿಗೆ ದೂರದ ರುವೈಸ್‌ನ ತೈಲ ಸ್ಥಾವರದಲ್ಲಿ ಕೆಲಸ ಸಿಕ್ಕಿತು, ಕಂಪನಿಯ ಮನೆಯೂ ದೊರೆಯಿತು. ಹೆಣ್ಣುಮಗಳನ್ನು ದುಬೈಯಲ್ಲಿ ಒಬ್ಬಳೇ ಬಿಡಲಾಗದೆಂದು ನನ್ನ ಓದನ್ನು ನಿಲ್ಲಿಸುವ ತೀರ್ಮಾನವಾಯಿತು. ನಮ್ಮ ಬರಿದಾದ ಮನೆಯಲ್ಲೂ ಚಹಾ ನಡೆಯಿತು. ನನ್ನ ತಾಯಿ, ಉಮ್ಮ, ಫ್ರಿಜ್ಜು ಮೇಲಿನ ಮಹಡಿಯವರಿಗೆ, ಮಂಚ ಮಲಯಾಳಿಗಳಿಗೆ ಎಂದು ಹೇಳಿ ಮುಗಿಸಿದರು.

“ಖಲಾಸ್,” ಎಂದರು ಅಬ್ಬ.

“ಖಲಾಸ್ ಎಲ್ಲಿ? ನನಗೆ ಎಂತದೂ ಕೊಡಲಿಲ್ಲ ನೀವು,” ಎಂದರು ಆಂಟಿ. “ಮಗಳನ್ನು ನಾನು ಇಟ್ಟುಕೊಳ್ತೇನೆ.”

“ಸಿಸ್ಟರ್, ಅದು ಕೊಡುವ ಸಾಮಾನಲ್ಲ,” ಎಂದರು ಅಬ್ಬ.

“ಗೊತ್ತುಂಟು ಮಾರಾಯ್ರೆ. ಪರೀಕ್ಷೆ ಮುಗಿದ ಮೇಲೆ ವಾಪಸು ಕೊಡ್ತೇನೆ. ಡಿಗ್ರಿ ಸೇರಿಸಿ.”

ಅಬ್ಬ ತಮ್ಮ ಖಾಲಿ ಲೋಟವನ್ನು ಆಂಟಿಯ ಫ್ಲಾಸ್ಕಿನ ಮುಂದೆ ಚಾಚಿದರು. ಆಮೇಲೆ ಉಮ್ಮನೇ ನನ್ನ ಪೆಟ್ಟಿಗೆಯನ್ನು ಎದುರಿನ ಮನೆಗೆ ಒಯ್ದು ಇಟ್ಟರು.

ಪದವಿ ಬಂದ ದಿನ ಆಂಟಿ ಅಬ್ಬನಿಗೆ, “ನೋಡಿ ತಕೊಳ್ಳಿ, ಎಲ್ಲಿಯೂ ಗೀರು ಬೀಳಲಿಲ್ಲ” ಎಂದಿದ್ದರು.

ನಾನು ದುಬೈಯಲ್ಲೇ ಕೆಲಸಕ್ಕೆ ಸೇರಿ ಅವರ ಮನೆಯಲ್ಲೇ ಉಳಿದೆ. ಎರಡು ವರ್ಷಗಳ ನಂತರ ಆಂಟಿ ಚಿಕಿತ್ಸೆಗೆಂದು ಮಂಗಳೂರಿಗೆ, ತಮ್ಮನ ಮನೆಗೆ ಹೊರಟರು. ನಾನು ಫ್ಲಾಸ್ಕ್ ತೆಗೆದಾಗ, “ನನಗೆಂತಕ್ಕೆ? ನಾನು ಬರುವವಳು” ಎಂದು ನಕ್ಕರು. ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ತಿಳಿದ ಸಂಜೆ ನೆರೆಯವರೆಲ್ಲ ಅವರ ಮನೆಯ ನೆಲದ ಮೇಲೆ ಕುಳಿತೆವು. ಕಿಟಕಿಯ ಪರದೆ ಹಾಗೆಯೇ ಇತ್ತು. ಚಹಾ ನಾನು ಮಾಡಿದ್ದೆ. ಅವರ ಕೈಯ ರುಚಿ ಬರಲಿಲ್ಲ.

ಈಗ ಆ ಫ್ಲಾಟು ನಮ್ಮ ಬಾಡಿಗೆಯಲ್ಲಿದೆ. ಉಮ್ಮ, ಅಬ್ಬನೊಂದಿಗೆ ರುವೈಸ್‌ಗೆ ಹೋಗಿದ್ದ ತಂಗಿ ಇಲ್ಲಿ ಕಾಲೇಜು ಸೇರಿದ್ದಾಳೆ, ಅವಳೊಂದಿಗೆ ಉಮ್ಮನೂ ಬಂದಿದ್ದಾರೆ. ಅಬ್ಬ ರಜೆಯಲ್ಲಿ ರುವೈಸ್‌ನಿಂದ ಬರುತ್ತಾರೆ. ಹೆಣ್ಣುಮಕ್ಕಳ ಓದು ನಿಲ್ಲಿಸುವ ಮಾತು ನಮ್ಮ ಮನೆಯಲ್ಲಿ ಮತ್ತೆ ಬಂದಿಲ್ಲ.